ರಾಡಿಯಲ್ಲಿ ಊರಿದ ಕಾಲು

ಮಳೆಗಾಲದಲ್ಲಿ ನಮ್ಮ ಕಲಘಟಗಿಯ ಸೀಮೆಯನ್ನು ಹಾಯ್ದುಹೋಗುವ ಬೇಡ್ತಿಹೊಳೆಯ ಕೆನ್ನೀರನ್ನು ಕಂಡಾಗಲೆಲ್ಲ ನನಗೊಂದೇ ಯೋಚನೆ: ಘಟ್ಟವಿಳಿದು, ಗಂಗಾವಳಿಯೆಂಬ ಹೆಸರು ತಳೆದು ಕಡಲು ಸೇರುವ ಈ ಮಣ್ಣಿನ ಗತಿಯೇನು? ತಳಕ್ಕಿಳಿದೊಡನೆ ಅದು ಗಟ್ಟಿನೆಲವಾಗಿಬಿಡುವುದಿಲ್ಲ. ಮಹಾನದಿಗಳ ಮುಖದಲ್ಲಂತೂ ರಾಡಿಯ ಮೇಲೆ ರಾಡಿ ಬೇಗಬೇಗನೆ ಬೀಳುವುದರಿಂದ ಕಣಗಳ ನಡುವಣ ನೀರಿಗೆ ಹೊರಬೀಳಲು ಅವಕಾಶವಿರದು. ಮೇಲಿನ ಭಾರವನ್ನು ಬಹುಮಟ್ಟಿಗೆ ಆ ನೀರೇ ಹೊತ್ತಿರುತ್ತದೆ. ಬಿರುಗಾಳಿಯ ತೆರೆಗಳು ತಳವನ್ನು ಒತ್ತಿ ಒತ್ತಿ ಬಿಟ್ಟರೆ, ಕಣ್ಣಿಗೆ ಸಪಾಟೆನಿಸುವ ಇಳಿಜಾರಿನಲ್ಲಿಯೂ ಅದು ಅಂಬಲಿಯಂತೆ ಹರಿಯತೊಡಗುತ್ತದೆ.

1969ರ ಕೆಮಿಲ್ ಚಂಡಮಾರುತದಲ್ಲಿ, ಅಮೇರಿಕೆಯ ಮಿಸಿಸಿಪಿ ನದಿಯ ಮುಖದೆದುರು ಎಣ್ಣೆ ತೆಗೆಯಲು ನಿಲ್ಲಿಸಿದ್ದ ಉಕ್ಕಿನ ಅಟ್ಟವೊಂದು ಉರುಳಿತು. ಗಾಳಿಗಿಂತ, ತಳದಲ್ಲಿ ಜಾರಿದ ಕೆಸರೇ ಅದರ ಕಾಲು ಕಿತ್ತಿತು. 2004ರ ಐವಾನ್ ಚಂಡಮಾರುತದಲ್ಲಿ ಅದೇ ಕಡಲಿನ ಟೇಲರ್ ಎನರ್ಜಿ ಕಂಪನಿಯ ಅಟ್ಟಕ್ಕೂ ಇದೇ ಗತಿ. ಬಾವಿಗಳು ಕೆಸರಿನಡಿ ಹೂತುಹೋದವು. ಸೋರುವ ಎಣ್ಣೆಯನ್ನು ಹಿಡಿಯುವ ಸಾಧನವನ್ನು ಇಳಿಸಿದ್ದು 2019ರಲ್ಲಿ! ಇಷ್ಟು ತಡವನ್ನು ನಾನಂತೂ ಕ್ಷಮಿಸಲಾರೆ.

ಉಪಾಯವೇನು? ತಳದ ಮಣ್ಣನ್ನು ಆಳದವರೆಗೆ ತೆಗೆದು ಪರೀಕ್ಷಿಸಿ, ಜಾರುವ ಎಡೆಯನ್ನು ಬಿಟ್ಟುಬಿಡುವುದು. ಬಿಡಲಾಗದಿದ್ದರೆ ಮೆದುಪದರನ್ನು ತೂರಿ ಗಟ್ಟಿನೆಲದವರೆಗೆ ಉಕ್ಕಿನ ಕಂಬ ಬಡಿಯುವುದು. ಎರೆಭೂಮಿಯಲ್ಲಿ ಮನೆ ಕಟ್ಟುವ ನಮ್ಮವರು ಗಟ್ಟಿಮಣ್ಣು ಸಿಗುವವರೆಗೆ ಬುನಾದಿ ತೋಡುವುದೂ ಇದೇ ವಿವೇಕದಿಂದಲ್ಲವೆ? ಆದರೆ ಎರೆ ಉಬ್ಬಿ ಕುಗ್ಗಿದರೆ ಗೋಡೆ ಸೀಳೀತು. ಕಡಲಿನ ರಾಡಿಯೋ ಪಕ್ಕದಿಂದ ನೂಕುತ್ತದೆ. ಆ ನೂಕನ್ನೂ ತಡೆಯುವಷ್ಟು ಕಂಬ ಬಲವಾಗಿರಬೇಕು.