ನಾಯಿಗೂ ಒಂದು ಪ್ಲೇಟ್ ಇಡ್ಲಿ



ಕಳೆದ ಸಭೆಯಲ್ಲಿ ಜಿಎಸ್‌ಟಿ, ಗ್ಯಾಸಿನ ದರ, ಹುಡುಗರ ಕೊರತೆ ಇವೆಲ್ಲ ಮುಗಿದು ಚಹಾದ ಹೊತ್ತಿಗೆ ಒಬ್ಬ ಸದಸ್ಯರು ಎದ್ದು ನಿಂತು, “ಗಿರಾಕಿಗಳ ನಾಯಿಯನ್ನು ಹೊಟೇಲಿನ ಒಳಗೆ ಬಿಡಬೇಕೋ ಬೇಡವೋ, ಯಾರಾದರೂ ಹೇಳಿ” ಎಂದರು. ಎಲ್ಲರೂ ನಕ್ಕರು. ನಕ್ಕವರೇ ಐದು ನಿಮಿಷದೊಳಗೆ ತಮ್ಮ ತಮ್ಮ ಕಥೆ ಹೇಳತೊಡಗಿದರು. ಹಾಲ್ ಬಿಡುವ ಸಮಯವಾದರೂ ಮಾತು ಮುಗಿಯಲಿಲ್ಲ. ಕೊನೆಗೆ ಸಂಪಾದಕರು “ನೀವೇ ಬರೆದು ಕೊಡಿ” ಎಂದು ಈ ವಿಷಯವನ್ನು ನನ್ನ ತಲೆಗೆ ಕಟ್ಟಿದರು. ನಾನು ಹತ್ತನೆಯವರೆಗೆ ಓದಿ ಗಲ್ಲಾದಲ್ಲಿ ಕುಳಿತವನು. ಗಲ್ಲಾದಿಂದ ಕಂಡದ್ದನ್ನು ಮಾತ್ರ ಬರೆಯಬಲ್ಲೆ.

ನಾನು ಮುಂಬಯಿಗೆ ಬಂದ ಕಾಲದಲ್ಲಿ ನಾಯಿ ಸಾಕುವವರು ಎಂದರೆ ಬಂಗಲೆಯವರು. ಈಗ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲೂ ಎಮ್ಮೆಕರುವಿನಷ್ಟು ದೊಡ್ಡ ನಾಯಿ ಇದೆ. ಮಕ್ಕಳು ಅಮೆರಿಕದಲ್ಲಿ, ಇಲ್ಲಿ ಗಂಡ ಹೆಂಡತಿ ಇಬ್ಬರೇ. ಅಥವಾ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳು ಬೇಡ ಎಂದವರು. ಅಂಥ ಮನೆಯಲ್ಲಿ ನಾಯಿಯೇ ಮಗ, ನಾಯಿಯೇ ಮಗಳು. ಇದನ್ನು ನಾನು ಗೇಲಿ ಮಾಡುವುದಿಲ್ಲ. ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಓಡಿ ಬರುವ ಜೀವ ಒಂದಿದ್ದರೆ ಅದರ ಸುಖ ಬೇರೆ. ಆದರೆ ಅವರ ಮಗ ನಮಗೂ ಮಗನಾಗಬೇಕು, ಪಕ್ಕದ ಟೇಬಲಿನವರಿಗೂ ಮಗನಾಗಬೇಕು ಎಂದು ಹೊರಟಾಗ ತೊಂದರೆ ಶುರುವಾಗುತ್ತದೆ.

ಒಂದು ಆದಿತ್ಯವಾರ ಬೆಳಿಗ್ಗೆ ಒಂಬತ್ತೂವರೆ. ಹೊರಗೆ ನಾಲ್ಕು ಫ್ಯಾಮಿಲಿ ವೇಟಿಂಗ್. ದಂಪತಿಗಳಿಬ್ಬರು ದೊಡ್ಡ ಕಂದುಬಣ್ಣದ ನಾಯಿಯೊಂದಿಗೆ ಬಂದರು. ನಾಯಿ ಸಭ್ಯ, ಬೊಗಳಲಿಲ್ಲ, ಅದರ ಮೇಲೆ ನನ್ನ ದೂರಿಲ್ಲ. ಅವರು ಅದನ್ನು ಕುರ್ಚಿಯ ಮೇಲೆ ಕೂರಿಸಿದರು. ಸಪ್ಲೈಯರ್ ಎರಡು ಗ್ಲಾಸ್ ನೀರು ಇಟ್ಟಾಗ “ತೀನ್ ಆದ್ಮಿ ಹೈ” ಎಂದರು. ಒಂದು ಪ್ಲೇಟ್ ಇಡ್ಲಿ ಸಾಂಬಾರ್ ಅದಕ್ಕೆಂದೇ ತರಿಸಿ ನಮ್ಮ ಚಮಚದಿಂದ ತಿನ್ನಿಸತೊಡಗಿದರು. ಪಕ್ಕದಲ್ಲಿ ಪ್ರತಿ ಆದಿತ್ಯವಾರ ಬರುವ ಒಂದು ಜೈನ ಕುಟುಂಬ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿ ಎದ್ದೇ ಬಿಟ್ಟರು. ಅವರ ಮಗ ಗಲ್ಲಾಕ್ಕೆ ಬಂದು ತಿನ್ನದ ದೋಸೆಗೂ ದುಡ್ಡು ಕೊಟ್ಟು, ಮೆಲ್ಲಗೆ ಒಂದೇ ಮಾತು ಕೇಳಿದ: “ಸೇಠ್, ಆ ಪ್ಲೇಟು ಆಮೇಲೆ ಎಲ್ಲಿಗೆ ಹೋಗುತ್ತದೆ?”

ನೋಡಿ, ಪ್ರಶ್ನೆ ಇರುವುದು ಅಲ್ಲಿಯೇ. ನಮ್ಮ ಮೋರಿಯಲ್ಲಿ ಪ್ಲೇಟು ಬಿಸಿನೀರಿನಲ್ಲಿ, ಸಾಬೂನಿನಲ್ಲಿ ತೊಳೆಯಲ್ಪಡುತ್ತದೆ, ಅದು ಸ್ವಚ್ಛವೇ. ಆದರೆ ಗಿರಾಕಿಯ ಮನಸ್ಸನ್ನು ಯಾವ ಪೌಡರಿನಿಂದ ತೊಳೆಯುವುದು? ನಾವು ಮಾರುವುದು ಇಡ್ಲಿಯಷ್ಟೇ ಅಲ್ಲ, ನಂಬಿಕೆಯನ್ನು. ಆ ಪ್ಲೇಟನ್ನೂ ಚಮಚವನ್ನೂ ಅಂದೇ ಎತ್ತಿ ಬೇರೆ ಇರಿಸಿದೆ, ಎತ್ತಿದ್ದನ್ನು ಗಿರಾಕಿಗಳು ಕಾಣುವಂತೆಯೇ ಎತ್ತಿದೆ.

ಈಗ ಕಾನೂನು. 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳ ನಾಲ್ಕನೇ ಶೆಡ್ಯೂಲ್ ನಮ್ಮೆಲ್ಲರ ಬುಡದಲ್ಲಿದೆ. ಗಲ್ಲಾದ ಹಿಂದೆ 14 ಅಂಕಿಯ ನಂಬ್ರ ತೂಗುಹಾಕಿ ಕುಳಿತಿರುವ ನಾವು ಆ ಶೆಡ್ಯೂಲನ್ನು ಓದಿರುವುದು ಕಡಿಮೆ. ಅದರಲ್ಲಿ ಇಲಿ, ಜಿರಳೆ ಇತ್ಯಾದಿಗಳ ತಡೆಯ ಭಾಗದಲ್ಲೇ, ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರ ತಯಾರಿಸಿ ಮಾರುವ ಜಾಗಕ್ಕೆ ಬಿಡಬಾರದು ಎಂದು ಹೇಳಿದೆ. ಹಾಗಾದರೆ ಬಾಂದ್ರಾ ಕಡೆಯ ಕೆಫೆಗಳಲ್ಲಿ ‘ಪೆಟ್ ಫ್ರೆಂಡ್ಲಿ’ ಬೋರ್ಡು ಹೇಗೆ ಎಂದು ಕೇಳುತ್ತೀರಿ. ಅದನ್ನು ಅವರನ್ನೇ ಕೇಳಬೇಕು. ನಮ್ಮಂಥ ಇಡ್ಲಿ ವಡೆಯ ಹೊಟೇಲಿಗೆ ಇನ್‌ಸ್ಪೆಕ್ಟರ್ ಬಂದ ದಿನ ಕುರ್ಚಿಯ ಮೇಲೆ ನಾಯಿ ಕುಳಿತಿದ್ದರೆ “ಬಾಂದ್ರಾದಲ್ಲಿ ಬಿಡುತ್ತಾರಲ್ಲಾ” ಎಂಬ ವಾದ ನಡೆಯುವುದಿಲ್ಲ. ನೋಟೀಸು ಬರುವುದು ನಾಯಿಯ ಯಜಮಾನರಿಗಲ್ಲ, ನಮಗೆ.

ಅಂಧರೊಬ್ಬರು ದಾರಿ ತೋರುವ ನಾಯಿಯೊಂದಿಗೆ ಬಂದರೆ ಮಾತು ಬೇರೆ. ನಮ್ಮಲ್ಲಿ ಅಂಥದ್ದು ಅಪರೂಪ. ಬಂದರೆ ನಾನಂತೂ ಬಾಗಿಲ ಬಳಿಯ ಟೇಬಲು ಬಿಡಿಸಿಕೊಟ್ಟು, ಇನ್‌ಸ್ಪೆಕ್ಟರು ಕೇಳಿದರೆ ಉತ್ತರ ಹೇಳಲು ತಯಾರಿದ್ದೇನೆ. ಬಾಂಬ್ ಸ್ಕ್ವಾಡಿನ ನಾಯಿ ಬಂದಾಗಲೂ ಯಾರೂ ಮೂಗು ಮುಚ್ಚುವುದಿಲ್ಲ. 1993ರ ಸ್ಫೋಟಗಳ ಸಮಯದಲ್ಲಿ ಆರ್‌ಡಿಎಕ್ಸ್ ಪತ್ತೆ ಹಚ್ಚಿ ಈ ನಗರದ ಎಷ್ಟೋ ಜೀವ ಉಳಿಸಿದ ‘ಝಂಜೀರ್’ ಎಂಬ ನಾಯಿ 2000ದಲ್ಲಿ ತೀರಿಕೊಂಡಾಗ ಪೊಲೀಸರು ಗೌರವದಿಂದ ಕಳುಹಿಸಿಕೊಟ್ಟರು. ಅದು ಡ್ಯೂಟಿಗೆ ಬಂದ ನಾಯಿ.

ಬಂದ ಗಿರಾಕಿಗೆ ನಿಯಮ ಹೇಳಿದರೆ ಸಿಟ್ಟು ಬರುತ್ತದೆ, ಇಂಟರ್‌ನೆಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು “ಈ ಹೊಟೇಲಿನವರಿಗೆ ಹೃದಯವಿಲ್ಲ” ಎಂದು ಬರೆದು ಹೋಗುತ್ತಾರೆ. ನನಗೂ ಒಂದು ಬಂದಿದೆ. ಅದಕ್ಕಿಂತ ಚೆನ್ನಾಗಿ ನಡೆಯುವ ದಾರಿಯೊಂದನ್ನು ನನಗೆ ಹೇಳಿಕೊಟ್ಟವರು ನಮ್ಮಲ್ಲಿ ದಿನಾ ಕಾಫಿಗೆ ಬರುವ ಒಬ್ಬ ಪ್ರಾಣಿವೈದ್ಯರು. ನಾಯಿಗೆ ಈರುಳ್ಳಿ, ಬೆಳ್ಳುಳ್ಳಿ ಆಗದು. ಹಸಿಯಾಗಲಿ, ಬೇಯಿಸಿದ್ದಾಗಲಿ, ಪುಡಿಯಾಗಲಿ, ಅದು ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದರೆ ಮೂತ್ರಪಿಂಡ ಕೆಡುತ್ತದೆ. ಚಾಕಲೇಟಂತೂ ವಿಷ. ಈಗ ನಮ್ಮ ಮೆನು ತೆಗೆದು ನೋಡಿ. ಸಾಂಬಾರಿನಲ್ಲಿ ಈರುಳ್ಳಿ. ಮಸಾಲೆ ದೋಸೆಯ ಪಲ್ಯದಲ್ಲಿ ಈರುಳ್ಳಿ. ಉಪ್ಪಿಟ್ಟಿನಲ್ಲಿ ಈರುಳ್ಳಿ. ಪಾವ್‌ಭಾಜಿಯ ಮಾತೇ ಬೇಡ. ಶಿರಾದಲ್ಲಿ ಒಣದ್ರಾಕ್ಷಿ. ಮಗ ಮಗ ಎಂದು ಚಮಚದಲ್ಲಿ ತಿನ್ನಿಸುವವರು ಮನುಷ್ಯನ ಊಟವನ್ನು ತಿನ್ನಿಸಿ ನಾಯಿಯ ಆಯುಷ್ಯ ಕಡಿಮೆ ಮಾಡುತ್ತಿದ್ದಾರೆ.

ಆದ್ದರಿಂದ ನಮ್ಮ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. “ಕುತ್ತಾ ಅಲೌಡ್ ನಹೀ” ಎಂದು ಬಾಯಿ ತೆರೆಯಬಾರದು. ಕುತ್ತಾ ಎಂದರೇ ಅವರಿಗೆ ಅರ್ಧ ಸಿಟ್ಟು ಬರುತ್ತದೆ, ಹೆಸರು ಕೇಳಿ, ಬ್ರೂನೋ ಎಂದರೆ ಬ್ರೂನೋ ಎನ್ನಿ. ಆಮೇಲೆ, “ಸಾಂಬಾರಿನಲ್ಲಿ ಕಾಂದಾ ಇದೆ, ಬ್ರೂನೋಗೆ ತೊಂದರೆಯಾಗುತ್ತದೆ, ಸಾದಾ ಇಡ್ಲಿ ಎರಡು ಎಲೆಯಲ್ಲಿ ಕಟ್ಟಿಕೊಡುತ್ತೇನೆ, ಹೊರಗೆ ನೀರಿನ ಬೋಗುಣಿ ಇಟ್ಟಿದ್ದೇವೆ” ಎನ್ನಿ. ಹತ್ತರಲ್ಲಿ ಎಂಟು ಮಂದಿ ಒಪ್ಪುತ್ತಾರೆ. ಒಬ್ಬರು ನಾಯಿಯೊಂದಿಗೆ ಹೊರಗೆ ನಿಂತು ಇನ್ನೊಬ್ಬರು ತಿಂದು ಬರುತ್ತಾರೆ, ಮತ್ತೆ ಬದಲಾಗುತ್ತಾರೆ. ಒಂದು ಟೇಬಲಿಗೆ ಸ್ವಲ್ಪ ಹೊತ್ತು ಹೆಚ್ಚು ಹೋಗುತ್ತದೆ, ಹೋಗಲಿ.

ಕೆಲಸದ ಹುಡುಗರ ಬಗ್ಗೆ ಸಭೆಯಲ್ಲಿ ಯಾರೂ ಮಾತಾಡಲಿಲ್ಲ, ನಾನು ಸ್ವಲ್ಪ ಹೇಳಬೇಕು. ಟೇಬಲು ಒರೆಸುವ ಹುಡುಗನ ಕೈ ನೋಡಿದ್ದೀರಾ? ದಿನವಿಡೀ ನೀರಿನಲ್ಲಿದ್ದು ಬೆರಳ ಸಂದಿ ಒಡೆದಿರುತ್ತದೆ, ಎಲ್ಲಾದರೂ ಗೀರು ಇದ್ದೇ ಇರುತ್ತದೆ. ಒಡೆದ ಚರ್ಮದ ಮೇಲೆ ನಾಯಿಯ ಜೊಲ್ಲು ಬಿದ್ದರೆ ರೇಬೀಸಿನ ಲೆಕ್ಕದಲ್ಲಿ ಅದು ಕಚ್ಚಿದ್ದಕ್ಕೆ ಸಮಾನ. ಸಾಕಿದ ನಾಯಿಗೆ ಇಂಜೆಕ್ಷನ್ ಆಗಿರಬಹುದು, ಹೆಚ್ಚಿನವರು ಮಾಡಿಸುತ್ತಾರೆ. ಆದರೆ ಗಲ್ಲಾದಲ್ಲಿ ಕುಳಿತು ನಾವು ಯಾರ ನಾಯಿಯ ಕಾರ್ಡು ಕೇಳುವುದು? ರೇಬೀಸ್ ಲಕ್ಷಣ ಕಾಣಿಸಿತೆಂದರೆ ಮನುಷ್ಯ ಉಳಿಯುವುದಿಲ್ಲವೆಂದೇ ಲೆಕ್ಕ. ಯಾರಿಗಾದರೂ ಕಚ್ಚಿದರೆ, ಪರಚಿದರೆ ಅರಶಿನ, ಕಾಫಿಪುಡಿ ಹಚ್ಚಿ ಕೂರಿಸಬೇಡಿ. ಸಾಬೂನು ಹಾಕಿ ನಳ್ಳಿಯ ಕೆಳಗೆ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಕಳುಹಿಸಿ. ಗಾಯ ಆಳವಾಗಿದ್ದರೆ ಲಸಿಕೆಯೊಂದಿಗೆ ಸೀರಮ್ಮನ್ನೂ ಗಾಯಕ್ಕೆ ಕೊಡಬೇಕಾಗುತ್ತದೆ, ಅದನ್ನು ಕೇಳಿ ಕೊಡಿಸಿ. ರಜೆಯ ಸಂಬಳ ಕಡಿಯಬೇಡಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಪಾರ್ಸಲ್ ಹುಡುಗನ ಕಥೆ ಇನ್ನೂ ಕಷ್ಟ. ನಮ್ಮ ಹತ್ತಿರದ ಒಂದು ಟವರಿನಲ್ಲಿ ಪಾರ್ಸಲಿನವರು, ಕೆಲಸದವರು ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆಂದು ಬೋರ್ಡು ಹಾಕಿದ್ದಾರೆ. ಅದು ಕೆಟ್ಟಿದ್ದ ದಿನ ನಮ್ಮ ಹುಡುಗ ಹನ್ನೊಂದು ಮಹಡಿ ಹತ್ತಿ ನಾಲ್ಕು ಮಸಾಲೆ ದೋಸೆ ಮುಟ್ಟಿಸಿದ. ಅವನು ಬೆವರು ಒರೆಸುತ್ತಾ ನಿಂತಿದ್ದಾಗ ಮೇನ್ ಲಿಫ್ಟಿನ ಬಾಗಿಲು ತೆರೆದು, ಬೂಟು ಹಾಕಿದ ಒಂದು ನಾಯಿ ಇಳಿದು ಬಂತಂತೆ. ಅವನು ಬಂದು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ನಾಯಿಗೆ ಲಿಫ್ಟು ಬೇಡವೆನ್ನುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೊಸೈಟಿಗಳಿಗೆ ಹಾಗೆಂದು ಸೂಚನೆ ಕೊಟ್ಟಿದೆ. ಇರಲಿ, ಪ್ರಾಣಿಯೂ ಜೀವವೇ. ನಮ್ಮ ಹುಡುಗನ ಪರವಾಗಿ ಅಂಥದೊಂದು ಕಾಗದವನ್ನು ಯಾವ ಮಂಡಳಿಯಾದರೂ ಬರೆದದ್ದನ್ನು ನಾನು ಕಂಡಿಲ್ಲ.

2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಒಬ್ಬ ಡೆಲಿವರಿ ಹುಡುಗ, ವಯಸ್ಸು 23, ಬಾಗಿಲು ತಟ್ಟಿದಾಗ ಒಳಗಿನಿಂದ ಜರ್ಮನ್ ಶೆಫರ್ಡ್ ಮೈಮೇಲೆ ಬಂತು. ಹೆದರಿ ಓಡಿದವನು ಮೂರನೇ ಮಹಡಿಯಿಂದ ಹಾರಿದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಹೈದರಾಬಾದಿನ ನಮ್ಮ ಸದಸ್ಯರಿಗೆ ಇದು ನೆನಪಿರುತ್ತದೆ. ಆ ಮನೆಯವರಿಗೂ ಅದು ಮನೆಯ ಮಗುವೇ ಆಗಿದ್ದಿರಬೇಕು. ಮಗು ಎಂದುಕೊಂಡವರಿಗೆ ಹಲ್ಲು ಕಾಣುವುದಿಲ್ಲ. ಕಾನೂನಿಗೆ ಕಾಣುತ್ತದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಇನ್ನೊಬ್ಬರಿಗೆ ಅಪಾಯ ತಂದರೆ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2018ರಲ್ಲಿ ವರ್ಲಿಯ ಒಂದು ಕಟ್ಟಡದ ಲಿಫ್ಟಿನಲ್ಲಿ ನಾಯಿ ನೆರೆಯವರನ್ನು ಕಚ್ಚಿದ ಪ್ರಕರಣದಲ್ಲಿ 2025ರಲ್ಲಿ ಮುಂಬಯಿ ಕೋರ್ಟು ಯಜಮಾನನಿಗೆ 4 ತಿಂಗಳ ಶಿಕ್ಷೆ ವಿಧಿಸಿತು. ನಾನು ನಮ್ಮ ಹುಡುಗರಿಗೆ ಹೇಳಿರುವುದಿಷ್ಟು: ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಿ, “ನಾಯಿಯನ್ನು ಹಿಡಿಯಿರಿ” ಎಂದು ಮೊದಲು ಹೇಳಿ. ಹಿಡಿಯದಿದ್ದರೆ ಪಾರ್ಸಲನ್ನು ವಾಚ್‌ಮನ್ ಬಳಿ ಕೊಟ್ಟು ಬನ್ನಿ. ಆ ಬಿಲ್ಲು ಹೋದರೆ ನನ್ನದು ಹೋಗಲಿ.

ದಿಲ್ಲಿಯ ಬಂಧುಗಳಿಗೆ 2022ರ ಮೇ ತಿಂಗಳ ತ್ಯಾಗರಾಜ್ ಸ್ಟೇಡಿಯಂ ಪ್ರಕರಣ ಗೊತ್ತಿದೆ. ಹಿರಿಯ ಅಧಿಕಾರಿಯೊಬ್ಬರ ನಾಯಿ ಸಂಜೆ ತಿರುಗಾಡಬೇಕೆಂದು ಅಭ್ಯಾಸ ಮಾಡುವ ಆಟಗಾರರನ್ನು 7 ಗಂಟೆಗೇ ಹೊರಗೆ ಕಳುಹಿಸುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಅಧಿಕಾರಿಯನ್ನು ಲಡಾಖಿಗೆ, ಅವರ ಅಧಿಕಾರಿ ಪತ್ನಿಯನ್ನು ಅರುಣಾಚಲಕ್ಕೆ ವರ್ಗ ಮಾಡಿದರು. ದಿಲ್ಲಿ ಸರಕಾರ ಕ್ರೀಡಾಂಗಣಗಳನ್ನು ರಾತ್ರಿ 10ರವರೆಗೆ ತೆರೆದಿಡಲು ಹೇಳಿತು. ನಾಯಿಯ ಗತಿ ಏನಾಯಿತೋ ಪಾಪ. ಅದೇನು ಸ್ಟೇಡಿಯಂ ಕೇಳಿತ್ತೇ?

ಪ್ರೀತಿ ಬೇಡವೆಂದು ಯಾರೂ ಅಪಾರ್ಥ ಮಾಡಬಾರದು. ನಮ್ಮ ಊರ ಮನೆಯಲ್ಲಿ ನಾಯಿಗೆ ಹೆಸರಿತ್ತು, ಹೊತ್ತುಹೊತ್ತಿಗೆ ಅನ್ನವಿತ್ತು, ಮಲಗಲು ಜಗಲಿಯ ಮೂಲೆಯಿತ್ತು. ಚಾವಡಿಯ ಒಳಗೆ ಅದು ತಾನಾಗಿ ಹತ್ತುತ್ತಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಸುಮಾರಿನ ಕಲ್ಲೊಂದು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಅದು, ಹಂದಿಯೂ ನಾಯಿಯೂ ಅದರಲ್ಲಿ ಕೆತ್ತಲ್ಪಟ್ಟಿವೆ. ನಾಯಿಗೆ ಇಷ್ಟು ಗೌರವ ಕೊಟ್ಟ ಭಾಷೆ ನಮ್ಮದು. ನಾಯಿಯಾಗಿಯೇ ಗೌರವ ಕೊಟ್ಟರು. ಇಲ್ಲಿ ಮುಂಬಯಿಯಲ್ಲಿಯೇ ರತನ್ ಟಾಟಾ ಅವರನ್ನು ನೋಡಿ. 2018ರಲ್ಲಿ ಬಾಂಬೆ ಹೌಸ್ ರಿಪೇರಿಯಾಗಿ ತೆರೆದಾಗ ಬೀದಿನಾಯಿಗಳಿಗೆಂದೇ ಒಂದು ಕೋಣೆ ಮಾಡಿಸಿಟ್ಟಿದ್ದರು. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ನಾಯಿಗೆ ನಾಯಿಯ ಜಾಗ, ನಾಯಿಯ ಡಾಕ್ಟರು. ರೈಲ್ವೆಯವರದ್ದೂ ಲೆಕ್ಕ ಸರಿ ಇದೆ: ಫಸ್ಟ್ ಎಸಿಯಲ್ಲಿ ನಾಯಿ ಬೇಕಿದ್ದರೆ ಇಡೀ ಕೂಪೆ ನಿಮ್ಮದೇ ಆಗಿರಬೇಕು, ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆ. ಹೊಟೇಲಿನಲ್ಲಿ ಹಾಗೆ ಇಡೀ ಹಾಲ್ ಬುಕ್ ಮಾಡಿಕೊಳ್ಳುತ್ತೇನೆ ಎಂದು ಇನ್ನೂ ಯಾರೂ ಮುಂದೆ ಬಂದಿಲ್ಲ.

ಸಂಘದಿಂದ ಒಂದು ಬೋರ್ಡು ಮಾಡಿಸುವ ಮಾತಿದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರಲಿ. “ಪ್ರವೇಶವಿಲ್ಲ” ಎಂಬ ಶಬ್ದದ ಬದಲು, ಆಹಾರ ಸುರಕ್ಷತಾ ನಿಯಮದ ಪ್ರಕಾರ ಸಾಕುಪ್ರಾಣಿಗಳನ್ನು ಒಳಗೆ ಬಿಡಲಾಗದು, ಅವುಗಳಿಗೆ ಹೊರಗೆ ನೀರಿನ ವ್ಯವಸ್ಥೆ ಇದೆ ಎಂದು ಬರೆಯಿಸಬೇಕೆಂಬುದು ನನ್ನ ಸಲಹೆ. ಬೋರ್ಡು ಸಂಘದ ಹೆಸರಿನಲ್ಲಿದ್ದರೆ ಗಿರಾಕಿಯ ಸಿಟ್ಟು ಒಬ್ಬನ ಮೇಲೆ ಬೀಳುವುದಿಲ್ಲ. ಎಲ್ಲರೂ ಹಾಕಬೇಕು. ನಾನು ಹಾಕಿ, ಎದುರಿನವರು ಬಿಟ್ಟರೆ ಆದಿತ್ಯವಾರದ ಗಿರಾಕಿ ರಸ್ತೆ ದಾಟುತ್ತಾನೆ ಅಷ್ಟೆ.

ನೀರಿನ ಬೋಗುಣಿ ಸ್ಟೀಲಿನದ್ದಿಟ್ಟರೆ ಒಂದೇ ರಾತ್ರಿಯಲ್ಲಿ ಮಾಯ, ಆದ್ದರಿಂದ ಸಿಮೆಂಟಿನದ್ದು ಇಡಿ. ದಿನಕ್ಕೆರಡು ಸಲ ನೀರು ಚೆಲ್ಲಿ ತುಂಬಿಸಿ, ಇಲ್ಲವಾದರೆ ಸೊಳ್ಳೆಮರಿ ಎಂದು ಮುನ್ಸಿಪಾಲ್ಟಿಯವರು ದಂಡ ಹಾಕುತ್ತಾರೆ. ನಾಯಿ ಕಟ್ಟಲು ಕಂಬಕ್ಕೊಂದು ಕೊಂಡಿ ಹಾಕಿಸಿದ್ದೇನೆ, ಅದು ಬಾಗಿಲಿನಿಂದ ದೂರ ಇರಬೇಕು, ಮಕ್ಕಳು ಹೋಗಿಬರುವ ದಾರಿಯಲ್ಲಿ ಆಗದು. ಮಳೆಗಾಲಕ್ಕೆ ಏನೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಜುಲೈ ತಿಂಗಳಲ್ಲಿ ಹೊರಗೆ ಕಟ್ಟಿದ ನಾಯಿ ನೆನೆದು ಯಜಮಾನತಿಯ ಕಣ್ಣಲ್ಲಿ ನೀರು ಬಂದರೆ ಯಾವ ಬೋರ್ಡೂ ಕೆಲಸ ಮಾಡುವುದಿಲ್ಲ. ಶಟರಿನ ಪಕ್ಕ ಒಂದು ತಾಡಪತ್ರಿ ಕಟ್ಟಿಸೋಣವೆಂದು ವಾರ್ಡ್ ಆಫೀಸಿನಲ್ಲಿ ಮಾನ್ಸೂನ್ ಶೆಡ್ಡಿನ ಪರವಾನಿಗೆ ಕೇಳಲು ಹೋದೆ. ಯಾತಕ್ಕೆ ಎಂದು ಕೇಳಿದರು. ನಾಯಿಗೆ ಎಂದೆ. ಕ್ಲರ್ಕ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅರ್ಜಿ ಅಲ್ಲಿಯೇ ಇದೆ.