ಮಗುವೂ ಭಾವಚಿತ್ರವೂ

ಮನೆಯಲ್ಲಿ ನಾಮಕರಣವೋ ಜವಳವೋ ಹುಟ್ಟುಹಬ್ಬವೋ ನಡೆದಾಗ, ಕುಟುಂಬದವರೆಲ್ಲರೂ ಒಟ್ಟಾಗಿ ಒಂದು ಭಾವಚಿತ್ರವನ್ನು ತೆಗೆಯಿಸಿಕೊಳ್ಳಬೇಕೆಂಬ ಆಸೆ ಹಿರಿಯರಿಗೆ ಸಹಜವಾಗಿಯೇ ಉಂಟಾಗುತ್ತದೆ. ಆಸೆಯೇನೋ ಒಳ್ಳೆಯದೇ. ಆದರೆ ಆ ಹೊತ್ತು ಹೇಗೆ ಕಳೆಯುತ್ತದೆಂಬುದನ್ನು ವಾಚಕರು ಒಮ್ಮೆ ನೆನೆದುಕೊಳ್ಳಲಿ. ಹೋಮದ ಹೊಗೆಯಿಂದ ಕಣ್ಣು ಕೆಂಪಾದ ಮಗುವಿಗೆ ಜರಿಯ ಅಂಗಿಯನ್ನು ತೊಡಿಸಿ, ಹಸಿವೂ ನಿದ್ದೆಯೂ ಕೂಡಿ ಬಂದ ವೇಳೆಯಲ್ಲಿ ಅದನ್ನು ಎಲ್ಲರ ನಡುವೆ ಕೂರಿಸುತ್ತೇವೆ. “ಅಲುಗಾಡಬೇಡ”, “ಇಲ್ಲಿ ನೋಡು”, “ನಗು” ಎಂದು ಹತ್ತು ಕಡೆಗಳಿಂದ ಹತ್ತು ಅಪ್ಪಣೆಗಳು ಹೊರಡುತ್ತವೆ. ಮಗು ಅಳುತ್ತದೆ, ತಂದೆ ಗದರಿಸುತ್ತಾನೆ, ತಾಯಿ ನಾಲ್ವರೆದುರು ನಾಚಿ ಕುಗ್ಗುತ್ತಾಳೆ. ಕಡೆಗೆ ದೊರೆತ ಚಿತ್ರದಲ್ಲಿ ಎಲ್ಲರೂ ಇರುತ್ತಾರೆ, ಸಂತೋಷವೊಂದೇ ಇರುವುದಿಲ್ಲ.

“ಅಲುಗಾಡಬೇಡ” ಎಂಬ ಈ ಅಪ್ಪಣೆ ಒಂದು ಕಾಲದಲ್ಲಿ ಯಂತ್ರದ ಅಶಕ್ತಿಯಿಂದ ಹುಟ್ಟಿದ್ದು. 1839ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೆರ್ ಎಂಬುವನ ವಿಧಾನವು ಪ್ರಕಟವಾದಾಗ, ಬೆಳ್ಳಿ ಲೇಪಿಸಿದ ತಟ್ಟೆಯ ಮೇಲೆ ಚಿತ್ರ ಮೂಡಲು ಒಳ್ಳೆಯ ಬಿಸಿಲಿನಲ್ಲಿಯೂ ಹಲವು ನಿಮಿಷಗಳು ಹಿಡಿಯುತ್ತಿದ್ದುವು. ಅಷ್ಟು ಹೊತ್ತು ತಲೆ ಅಲ್ಲಾಡದಂತೆ ದೊಡ್ಡವರಿಗೂ ಹಿಂದಿನಿಂದ ಕಬ್ಬಿಣದ ಆನಿಕೆಯನ್ನು ಕೊಡುತ್ತಿದ್ದರು. ಮುಂದೆ ಕಾಲಾವಧಿ ಕಡಮೆಯಾದರೂ ಕೂಸುಗಳ ಕಷ್ಟ ತೀರಲಿಲ್ಲ. ಇಂಗ್ಲೆಂಡು ಮೊದಲಾದ ಕಡೆಗಳಲ್ಲಿ ತಾಯಿಗೆ ಮುಸುಕು ಹೊದಿಸಿ, ಅವಳನ್ನೇ ಕುರ್ಚಿಯಂತೆ ಮರೆಮಾಡಿ, ಅವಳ ಮಡಿಲಲ್ಲಿ ಮಗುವನ್ನು ಕೂರಿಸಿ ಚಿತ್ರ ತೆಗೆಯುತ್ತಿದ್ದುದುಂಟು. ಮಗುವಿಗೆ ತಾಯಿಯ ಸ್ಪರ್ಶವಿಲ್ಲದೆ ನೆಮ್ಮದಿಯಿಲ್ಲವೆಂಬುದನ್ನು ಆ ಕಾಲದವರೂ ಅರಿತಿದ್ದರು.

‘ಆಲಿಸ್’ ಕಥೆಗಳ ಕರ್ತೃವಾದ ಲೂಯಿಸ್ ಕ್ಯಾರಲ್ 1856ರಲ್ಲಿ ಈ ಕಲೆಯನ್ನು ಕೈಗೊಂಡನು. ಆಗ ಗಾಜಿನ ತಟ್ಟೆಗೆ ದ್ರಾವಣವನ್ನು ಸವರಿ, ಅದು ಆರುವುದರೊಳಗೆ ಕೆಲಸವನ್ನೆಲ್ಲ ಮುಗಿಸಬೇಕಾಗಿದ್ದಿತು. ಅಂತಹ ಅವಸರದಲ್ಲಿಯೂ ಅವನು ಮಕ್ಕಳಿಗೆ ಕಥೆಗಳನ್ನು ಹೇಳಿ, ಅವರ ಮನಸ್ಸನ್ನು ಒಲಿಸಿಕೊಳ್ಳುತ್ತಿದ್ದನಂತೆ.

ಈಗಲಾದರೋ ಸೆಕೆಂಡಿನ ಇನ್ನೂರೈವತ್ತನೆಯ ಒಂದು ಪಾಲಿನಲ್ಲಿ ಚಿತ್ರ ಮೂಡುತ್ತದೆ. ನಡೆದಾಡುವ ಮಗುವನ್ನು ಸ್ಪಷ್ಟವಾಗಿ ಹಿಡಿಯಲು ಅಷ್ಟು ಸಾಕು. ಓಡುವ ಮಗುವಿಗೆ ಅದರ ಅರ್ಧದಷ್ಟು ಕಾಲವೂ ಸಾಲುತ್ತದೆ. ಕಿಸೆಯೊಳಗಿನ ಮೊಬೈಲೇ ಈ ಕೆಲಸವನ್ನು ಮಾಡಬಲ್ಲುದು. ಯಂತ್ರವು ತನ್ನ ಅಪ್ಪಣೆಯನ್ನು ಹಿಂದಕ್ಕೆ ಪಡೆದು ಬಹುಕಾಲವಾಯಿತು. ಹಿರಿಯರಾದ ನಾವು ಮಾತ್ರ ಅದನ್ನು ಇನ್ನೂ ಹೊರಡಿಸುತ್ತಲೇ ಇದ್ದೇವೆ.

ಮೈಸೂರಿನ ಪ್ರಸಿದ್ಧ ಛಾಯಾಗ್ರಾಹಕರಾಗಿದ್ದ ಟಿ. ಎಸ್. ಸತ್ಯನ್ ಅವರು ಸಾಮಾನ್ಯರ ಮಕ್ಕಳನ್ನು ಅವರವರ ಆಟಪಾಠಗಳ ನಡುವೆಯೇ ಸೆರೆಹಿಡಿದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದುವು. ಮಗುವನ್ನು ಚಿತ್ರಕ್ಕಾಗಿ ತಿದ್ದುವುದಕ್ಕಿಂತ, ಮಗು ಇರುವೆಡೆಗೆ ನಾವೇ ಹೋಗುವುದು ಮೇಲೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೃಹಸ್ಥರು ಅನುಸರಿಸಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆನು. ಮೊದಲನೆಯದು ವೇಳೆ. ಮಗು ನಿದ್ದೆ ತಿಳಿದೆದ್ದು, ಹಾಲನ್ನೋ ಊಟವನ್ನೋ ಮುಗಿಸಿದ ತರುವಾಯದ ಸಮಯವೇ ಶುಭಮುಹೂರ್ತ. ಬೆಳಗಿನ ಎಳೆಬಿಸಿಲಿನ ಹೊತ್ತು ಇದಕ್ಕೆ ಹೊಂದಿ ಬಂದರೆ ಇನ್ನೂ ಲೇಸು. ನಡುಹಗಲಿನ ಬಿಸಿಲಿಗೆ ಮಗು ಕಣ್ಣು ಕಿರಿದುಮಾಡುತ್ತದೆ. ಜಗಲಿಯ ನೆರಳು, ಕಿಟಕಿಯ ಪಕ್ಕ, ಮರದ ಕೆಳಗೆ ಬೆಳಕು ಮೃದುವಾಗಿರುತ್ತದೆ. ಥಟ್ಟನೆ ಮಿಂಚುವ ದೀಪಕ್ಕೆ ಕೂಸು ಬೆಚ್ಚಿಬೀಳುವುದರಿಂದ ಅದನ್ನು ಬಿಡುವುದೇ ಉಚಿತ.

ಉಡುಪು ಮೆತ್ತನೆಯದಾಗಿ, ಹಿಂದೆ ಒಂದೆರಡು ಸಲ ತೊಟ್ಟದ್ದಾಗಿರಲಿ. ಎಂಟೊಂಬತ್ತು ತಿಂಗಳ ಮಗು ಅಪರಿಚಿತರನ್ನು ಕಂಡು ಅಳುವುದು ಬೆಳವಣಿಗೆಯ ಲಕ್ಷಣವೇ ಹೊರತು ಹಟವಲ್ಲ. ಚಿತ್ರ ತೆಗೆಯಲು ಬಂದವರು ಮೊದಲು ಕ್ಯಾಮೆರಾವನ್ನು ಬದಿಗಿಟ್ಟು, ನೆಲದ ಮೇಲೆ ಕುಳಿತು ಮಗುವಿನೊಡನೆ ಸ್ನೇಹ ಬೆಳೆಸಲಿ. ಬಳಿಕ ಅದರ ಕಣ್ಣಿನ ಮಟ್ಟಕ್ಕೆ ಬಾಗಿ ಚಿತ್ರ ತೆಗೆಯಲಿ. ಎಲ್ಲರೂ ಕೂಡಿದ ಚಿತ್ರವನ್ನು ಮಗು ದಣಿಯುವ ಮುನ್ನವೇ ಮುಗಿಸತಕ್ಕದ್ದು. ಮಗುವನ್ನು ಕರೆಯುವವರು ಒಬ್ಬರೇ ಇರಲಿ. ಉಳಿದವರು ಮಗುವಿನ ಕಡೆಗೆ ತಿರುಗದೆ ಎದುರಿಗೆ ನೋಡುತ್ತಿರಲಿ. ನಗುವೆಂದು ಕೇಳಕೂಡದು, ನಗು ಬರುವಂತಹ ಆಟವನ್ನು ಹೂಡಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ತಂಗಿಯ ಕೈ ಹಿಡಿಯುವುದು, ಅಜ್ಜನ ಕೋಲನ್ನು ಕಾಯುವುದು ಮುಂತಾದ ಒಂದು ಕೆಲಸವನ್ನು ವಹಿಸಿದರೆ ಅವರು ಬಲು ಗಾಂಭೀರ್ಯದಿಂದ ನಿಲ್ಲುತ್ತಾರೆ. ಇಪ್ಪತ್ತು ನಿಮಿಷಗಳಲ್ಲಿ ಆದಷ್ಟು ಆಗಲಿ. ಅಳು ಬಂದರೆ ಅಂದಿಗೆ ಅಷ್ಟೇ ಎಂದು ನಿಲ್ಲಿಸಬೇಕು.

ಇದನ್ನು ನಾನು ಕಲಿತುದು ನಮ್ಮ ಮನೆಯಲ್ಲಿಯೇ. ಕೆಲವು ವರ್ಷಗಳ ಹಿಂದೆ, ಮಾಗಿಯ ದಿನಗಳಲ್ಲಿ, ನಮ್ಮ ತಾಯಿಯವರ ಎಂಬತ್ತನೆಯ ವರ್ಷದ ನೆನಪಿಗೆಂದು ಎಲ್ಲರೂ ಸೇರಿದ್ದೆವು. ಎರಡು ವರ್ಷದ ಮೊಮ್ಮಗನು ಅಳುತ್ತಿದ್ದರೂ ಬಿಡದೆ ಒಂದು ಗಂಟೆಯ ಕಾಲ ಚಿತ್ರ ತೆಗೆಯಿಸಿದೆವು. ಅವನನ್ನು ಗದರಿಸಿದವನು ನಾನೇ. ಎಲ್ಲರೂ ಬೇಸರದಿಂದ ಎದ್ದು ಹೋದ ಮೇಲೆ ತಾಯಿಯವರು ಅವನನ್ನು ಜಗಲಿಗೆ ಕರೆದೊಯ್ದು, ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತರು. ಅವನು ಒಂದೊಂದೇ ಕಾಳನ್ನೆತ್ತಿ ಅಜ್ಜಿಯ ಅಂಗೈಯಲ್ಲಿಡುತ್ತಿದ್ದನು. ಅವರು ಬೊಚ್ಚುಬಾಯಿ ತೆರೆದು ನಗುತ್ತಿದ್ದರು. ಹೊರಡಲು ಸಿದ್ಧನಾಗಿದ್ದ ಛಾಯಾಗ್ರಾಹಕನು ಅದನ್ನು ಕಂಡು, ಸದ್ದಿಲ್ಲದೆ ಒಂದು ಚಿತ್ರ ತೆಗೆದನು. ಮರುವರ್ಷ ತಾಯಿಯವರು ತೀರಿಕೊಂಡರು. ಅಂದಿನ ದೊಡ್ಡ ಚಿತ್ರವು ಪೆಟ್ಟಿಗೆಯಲ್ಲಿದೆ. ಅವರೆಕಾಯಿಯ ಚಿತ್ರವು ನಡುಮನೆಯ ಗೋಡೆಯ ಮೇಲಿದೆ. ಮೊಮ್ಮಗನಿಗೆ ಅಜ್ಜಿಯೆಂದರೆ ಅದೇ ಮುಖ.

ಇನ್ನೊಂದು ಮಾತು. ಈಗಿನ ಮನೆಗಳಲ್ಲಿ ಚಿತ್ರ ತೆಗೆಯುವವಳು ಅನೇಕ ವೇಳೆ ತಾಯಿಯೇ ಆದುದರಿಂದ, ನೂರು ಚಿತ್ರಗಳಿದ್ದರೂ ಅವಳ ಮುಖ ಒಂದರಲ್ಲಿಯೂ ಕಾಣದೆ ಹೋಗಬಹುದು. ಹಿಂದೆ ಮುಸುಕು ಅವಳನ್ನು ಮರೆಮಾಡಿತು. ಈಗ ಮೊಬೈಲು ಮರೆಮಾಡುತ್ತಿದೆ. ಅದನ್ನು ಅವಳ ಕೈಯಿಂದ ಇಸಿದುಕೊಂಡು ಅವಳನ್ನು ಮಗುವಿನ ಬಳಿಗೆ ಕಳುಹಿಸುವುದು ಮನೆಯ ಗಂಡಸರ ಕರ್ತವ್ಯ. ತೆಗೆದುವುಗಳಲ್ಲಿ ಒಳ್ಳೆಯವನ್ನು ಆರಿಸಿ ಕಾಗದದ ಮೇಲೆ ಅಚ್ಚುಹಾಕಿಸಿ, ಬೆನ್ನಿನಲ್ಲಿ ಹೆಸರು, ಊರು, ದಿನಾಂಕಗಳನ್ನು ಸೀಸದ ಕಡ್ಡಿಯಿಂದ ಮೆಲ್ಲನೆ ಬರೆದಿಡಿರಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವ ಮಗುವಿಗೆ ತಾನು ಯಾರ ಮಡಿಲಲ್ಲಿ ನಗುತ್ತ ಬೆಳೆದೆನೆಂಬುದು ತಿಳಿಯಲಿ.