ಜಪಾನೀ ದೈತ್ಯಮೃಗ ಚಿತ್ರಗಳ ತಾರತಮ್ಯ ವಿಚಾರ

ಭಯಾನಕ ರಸಕ್ಕೆ ಲಕ್ಷ್ಯವನ್ನು ಕೊಡಬೇಕಾದಾಗ ನಮ್ಮ ಅಧ್ಯಾಪಕರು ಸಾಮಾನ್ಯವಾಗಿ ಬಕವಧೆಯನ್ನೋ ಹಿಡಿಂಬವಧೆಯನ್ನೋ ಆಶ್ರಯಿಸುವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ವಿದ್ಯಾರ್ಥಿಗಳಿಗೆ ಇವುಗಳನ್ನು ವಿವರಿಸಬೇಕಾದ ಶ್ರಮವೇ ಇಲ್ಲ. ಮೂಡಲಪಾಯದ ಬಯಲಾಟ ಈ ಕಡೆಯ ಸಂಪತ್ತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಡುವವರೆಗೆ ಜಗಳೂರು ಯಾವ ಜಿಲ್ಲೆಗೆ ಸೇರಿದ್ದಿತೋ ಆ ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯುಂಟು. ಹಿಡಿಂಬನ ಹಲ್ಲೆಂದು ಹೇಳುವ ವಸ್ತುವೊಂದು ಆ ಗುಡಿಯ ಪ್ರಸಿದ್ಧಿಗೆ ಕಾರಣವಾಗಿದೆ. ರಾಕ್ಷಸನ ಹಲ್ಲನ್ನು ದೇವಸ್ಥಾನದಲ್ಲಿ ಕಾಪಾಡಿಕೊಂಡು ಬಂದ ಜನರಿಗೆ ದೈತ್ಯನು ಬರಿಯ ಶತ್ರುವಲ್ಲವೆಂಬುದು ಸ್ಪಷ್ಟ. ಇಂತಹ ಸಂಸ್ಕಾರವುಳ್ಳ ಪ್ರೇಕ್ಷಕನು ಜಪಾನಿನ ದೈತ್ಯಮೃಗ ಚಿತ್ರಗಳನ್ನು ನೋಡಿದರೆ ಅವುಗಳಲ್ಲಿ ಯಾವುದನ್ನು ಮೇಲೆ, ಯಾವುದನ್ನು ಕೆಳಗೆ ಇಟ್ಟಾನು? ಪ್ರಕೃತ ಲೇಖನದ ವಿಷಯವಿದು.

ಜಪಾನೀಯರು ಈ ಮೃಗಗಳನ್ನು 'ಕಾಯಿಜು' ಎನ್ನುವರು. ವಿಚಿತ್ರಮೃಗವೆಂದು ಅದರ ಅರ್ಥ. ಇವುಗಳ ತಾರತಮ್ಯವನ್ನು ಹೇಳಹೊರಟವರು ಬಹುಮಟ್ಟಿಗೆ ಮೂರು ಅಳತೆಗೋಲುಗಳನ್ನು ಹಿಡಿಯುತ್ತಾರೆ: ಮೃಗದ ಗಾತ್ರ, ಕಾಳಗದ ಸೊಗಸು, ನೋಡಿದವರ ಸಂಖ್ಯೆ. ಮೂರೂ ನಿಷ್ಪ್ರಯೋಜಕವೆಂದು ನನ್ನ ಭಾವನೆ. ಮೊದಲ ಗೊಜಿರಾ ೫೦ ಮೀಟರು ಎತ್ತರದವನು. ೧೯೮೪ರಲ್ಲಿ ೮೦ ಮೀಟರಾದನು. ೨೦೧೬ರ ಹೊತ್ತಿಗೆ ೧೧೮ ಮೀಟರನ್ನೂ ಮೀರಿದನು. ಎತ್ತರವು ಬೆಳೆದಷ್ಟೂ ಭಯವು ಬೆಳೆಯಿತೆಂದು ಯಾರೂ ಹೇಳಲಾರರು. ಸಂಖ್ಯೆಯ ಮಾತಂತೂ ಇನ್ನೂ ದುರ್ಬಲ. ಒಂದು ಕೋಟಿಗೂ ಮಿಕ್ಕ ಪ್ರೇಕ್ಷಕರನ್ನು ಸೆಳೆದ ೧೯೬೨ರ 'ಕಿಂಗ್ ಕಾಂಗ್ ಮತ್ತು ಗೊಜಿರಾ' ಎಂಬ ಚಿತ್ರವು ಔಷಧವ್ಯಾಪಾರಿಗಳ ಜಾಹೀರಾತನ್ನು ಕುರಿತ ಪ್ರಹಸನ; ಅದರಲ್ಲಿ ಭಯಕ್ಕೆ ಎಡೆಯೇ ಇಲ್ಲ.

ನಮ್ಮಲ್ಲಿ ಬೇರೊಂದು ಅಳತೆಗೋಲು ಇದೆಯಷ್ಟೆ. ಭರತಮುನಿಯು ರಸಗಳ ಹುಟ್ಟನ್ನು ಹೇಳುವಾಗ ರೌದ್ರದಿಂದ ಕರುಣವೂ ಶೃಂಗಾರದಿಂದ ಹಾಸ್ಯವೂ ಬೀಭತ್ಸದಿಂದ ಭಯಾನಕವೂ ಉಂಟಾಗುವುವೆಂದು ನಿರ್ಣಯಿಸಿದ್ದಾನೆ. ರೌದ್ರವು ಮಾಡಿದ ಕೆಲಸದ ಫಲವನ್ನೇ ಕರುಣವೆಂದು ತಿಳಿಯಬೇಕೆಂಬುದು ಅವನ ಅಭಿಪ್ರಾಯ. ದೈತ್ಯನು ಊರನ್ನು ತುಳಿಯುವುದು ರೌದ್ರ. ತುಳಿಸಿಕೊಂಡವರ ಗತಿಯನ್ನು ಕವಿಯು ನಮಗೆ ಕಾಣಿಸಿದನೇ ಇಲ್ಲವೇ ಎಂಬುದು ಪ್ರಶ್ನೆ. ಕಾಣಿಸದಿದ್ದರೆ ಊರು ಮಕ್ಕಳಾಟದ ಮಣ್ಣಿನ ಮನೆಯಾಗುವುದು, ರೌದ್ರವು ರಸಾಭಾಸವಾಗಿ ಹಾಸ್ಯಕ್ಕೆ ಇಳಿಯುವುದು. ಈ ಒಂದು ನಿಕಷದ ಮೇಲೆ ಉಜ್ಜಿದರೆ ಚಿತ್ರಗಳ ತರತಮವು ತಾನಾಗಿಯೇ ಹೊರಬೀಳುತ್ತದೆ.

ಇದಕ್ಕೆ ಮುನ್ನ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ರಬ್ಬರಿನ ಚರ್ಮದೊಳಗೆ ಮನುಷ್ಯನೊಬ್ಬನು ಹೊಕ್ಕು, ಆಟಿಕೆಯಂತಹ ಪಟ್ಟಣವನ್ನು ತುಳಿಯುವನೆಂದು ಗೊತ್ತಿದ್ದೂ ರಸೋತ್ಪತ್ತಿಯು ಹೇಗೆ ಆದೀತು ಎಂದು ಕೆಲವರು ಕೇಳುವರು. ೧೯೩೩ರ ಅಮೆರಿಕದ 'ಕಿಂಗ್ ಕಾಂಗ್' ಚಿತ್ರದಲ್ಲಿ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರವನ್ನು ತೆಗೆದು ಚಲನೆಯನ್ನು ತೋರಿಸಿದ್ದರು. ತಂತ್ರನಿರ್ದೇಶಕ ಎಯಿಜಿ ತ್ಸುಬುರಾಯಾ ಅವರಿಗೆ ಆ ಮಾರ್ಗವೇ ಪ್ರಿಯವಾಗಿದ್ದಿತು. ಆದರೆ ಅದಕ್ಕೆ ವರ್ಷಗಟ್ಟಲೆ ಕಾಲ ಬೇಕು. ತೋಹೋ ಸಂಸ್ಥೆಯವರು ಕೊಟ್ಟದ್ದು ಕೆಲವೇ ತಿಂಗಳು. ಆದಕಾರಣ ಹರುವೊ ನಕಾಜಿಮಾ ಎಂಬ ನಟರು ಸುಮಾರು ೧೦೦ ಕಿಲೋ ತೂಕದ ವೇಷವನ್ನು ತೊಟ್ಟು, ಒಂದು ಸಲಕ್ಕೆ ಕೆಲವು ನಿಮಿಷಗಳಿಗಿಂತ ಹೆಚ್ಚು ನಿಲ್ಲಲಾರದೆ, ಬೆವರಿನಲ್ಲಿ ತೊಯ್ದು ನಡೆಯಬೇಕಾಯಿತು. ಅವರ ನಡಿಗೆಯನ್ನು ತೀವ್ರಗತಿಯಲ್ಲಿ ಸೆರೆಹಿಡಿದು ಸಾಮಾನ್ಯಗತಿಯಲ್ಲಿ ತೋರಿಸಿದ್ದರಿಂದ ಹೆಜ್ಜೆಗೆ ಭಾರವು ಬಂದಿತು.

ಮೂಡಲಪಾಯದ ರಾಕ್ಷಸಪಾತ್ರವನ್ನು ಕಂಡವರಿಗೆ ಇದರಲ್ಲಿ ವಿಸ್ಮಯವೇನೂ ಇಲ್ಲ. ಮರದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಹೊರೆಯನ್ನು ಹೊತ್ತು ಬೆಳಗಿನವರೆಗೆ ಕುಣಿಯುವ ರೈತನು ಯಾರ ಮಗನೆಂಬುದು ಊರಿಗೆಲ್ಲ ಗೊತ್ತು. ಆದರೂ ತೆರೆಯ ಹಿಂದಿನಿಂದ ಅವನ ಆರ್ಭಟವು ಕೇಳಿದೊಡನೆ ಮುಂದಿನ ಸಾಲಿನ ಮಕ್ಕಳು ತಾಯಿಯ ಸೆರಗಿಗೆ ಸರಿಯುವರು. ಹಳೆಯ ಮೈಸೂರು ಸೀಮೆಯ ಗಾರುಡಿಗೊಂಬೆಯೂ ಒಳಗೆ ಆಳು ನಿಂತು ಹೊರುವ ಬಿದಿರಿನ ದೈತ್ಯನೇ. ವೇಷವು ವೇಷವೆಂದು ತಿಳಿದೂ ಭಯಪಡಬಲ್ಲದ್ದೇ ಸಹೃದಯತೆ. ಯಥಾರ್ಥಭ್ರಾಂತಿಯು ರಸಕ್ಕೆ ಬೇಕಿಲ್ಲ.

ಇನ್ನು ಪ್ರಥಮಸ್ಥಾನದ ಮಾತು. ಇಶಿರೋ ಹೊಂಡಾ ನಿರ್ದೇಶಿಸಿದ, ೧೯೫೪ನೆಯ ನವೆಂಬರ್ ೩ರಂದು ಬಿಡುಗಡೆಯಾದ 'ಗೊಜಿರಾ' ಚಿತ್ರಕ್ಕೆ ಇದು ನಿರ್ವಿವಾದವಾಗಿ ಸಲ್ಲತಕ್ಕುದು. ಅದರ ಹಿನ್ನೆಲೆಯನ್ನು ವಾಚಕರು ನೆನೆಯಬೇಕು. ಅದೇ ವರ್ಷದ ಮಾರ್ಚ್ ೧ರಂದು ಅಮೆರಿಕದವರು ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬನ್ನು ಸಿಡಿಸಿದರು. 'ಐದನೆಯ ಶುಭನಾಗ' ಎಂಬರ್ಥದ ಹೆಸರಿನ ಜಪಾನೀ ಮೀನುದೋಣಿಯೊಂದು ಆ ಬೂದಿಮಳೆಗೆ ಸಿಕ್ಕಿತು. ಅದರಲ್ಲಿದ್ದ ೨೩ ಮಂದಿಯೂ ವಿಕಿರಣದಿಂದ ಅಸ್ವಸ್ಥರಾದರು. ಅವರಲ್ಲಿ ಐಕಿಚಿ ಕುಬೊಯಾಮಾ ಎಂಬವರು ಸೆಪ್ಟೆಂಬರ್ ೨೩ರಂದು ತೀರಿಕೊಂಡರು. ಆರು ವಾರಗಳೊಳಗೆ ತೆರೆಯ ಮೇಲೆ ಬಂದ ಈ ಚಿತ್ರದ ಮೊದಲ ದೃಶ್ಯವೇ ಕಡಲಿನಲ್ಲಿ ಬೆಳಕೊಂದು ಮಿಂಚಿ ಹಡಗು ಉರಿದುಹೋಗುವುದು. ನೋಡುವವರಿಗೆ ಅದು ಕಟ್ಟುಕಥೆಯಾಗಿ ಕಂಡಿರಲಾರದು. ಹೊಂಡಾ ಅವರೂ ಸೈನ್ಯದಿಂದ ಮರಳುವಾಗ ಹಾಳಾದ ಹಿರೋಷಿಮಾವನ್ನು ಕಣ್ಣಾರೆ ಕಂಡವರು.

ಈ ಚಿತ್ರದಲ್ಲಿ ದೈತ್ಯನು ಬಹಳ ಹೊತ್ತು ಕಾಣಿಸಿಕೊಳ್ಳುವುದೇ ಇಲ್ಲ. ಹೆಜ್ಜೆಯ ಸದ್ದು, ಕೂಗು, ಬಿರುಗಾಳಿಯಲ್ಲಿ ಮುರಿದ ಮನೆ, ಮರಳಿನಲ್ಲಿ ಹೆಗ್ಗುರುತು, ಇಷ್ಟೇ. ವಿಕೃತಧ್ವನಿಯನ್ನು ಭಯಾನಕದ ವಿಭಾವಗಳಲ್ಲಿ ಎಣಿಸಿದ ಭರತನ ಮಾತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಸಿಕ್ಕುವುದು ದುರ್ಲಭ. ಆ ಕೂಗನ್ನು ಸಂಗೀತಗಾರ ಅಕಿರಾ ಇಫುಕುಬೆ ಹೇಗೆ ಸಾಧಿಸಿದರೆಂಬುದು ಸ್ವಾರಸ್ಯಕರ. ಮಂದ್ರಸ್ವರದ ದೊಡ್ಡ ಪಿಟೀಲಿನ ತಂತಿಗಳನ್ನು ಸಡಿಲಿಸಿ, ದೇವದಾರು ಜಾತಿಯ ಮರದ ರಾಳವನ್ನು ಬಳಿದ ತೊಗಲಿನ ಕೈಚೀಲದಿಂದ ಉಜ್ಜಿಸಿದರು. ನಮ್ಮ ಬಯಲಾಟಗಳಲ್ಲಿ ರಾಕ್ಷಸನು ಬರುವಾಗ ಪಂಜಿಗೆ ಎರಚುವುದೂ ರಾಳವನ್ನೇ! ಇದು ಕಾಕತಾಳೀಯ, ಆದರೂ ಹೇಳದಿರಲಾರೆ.

ಓಡೋ ಎಂಬ ದ್ವೀಪದ ಹಳ್ಳಿಗರು ಮುಖವಾಡ ತೊಟ್ಟು ಕುಣಿಯುವ ದೃಶ್ಯವೂ ಗಮನಾರ್ಹ. ಪೂರ್ವದಲ್ಲಿ ಮೀನು ಸಿಕ್ಕದಾದಾಗ ಹೆಣ್ಣುಮಕ್ಕಳನ್ನು ಕಡಲಿನ ದೈತ್ಯನಿಗೆ ಬಲಿಯಾಗಿ ಕಳುಹುತ್ತಿದ್ದರೆಂದು ಅಲ್ಲಿಯ ಮುದುಕನೊಬ್ಬನು ಹೇಳುತ್ತಾನೆ. ಏಕಚಕ್ರಪುರದ ಸರದಿಯು ಯಾರಿಗೆ ನೆನಪಾಗದು? ವ್ಯತ್ಯಾಸವೆಂದರೆ, ಏಕಚಕ್ರಪುರಕ್ಕೆ ಒಬ್ಬ ಭೀಮನು ದೊರೆತನು, ಟೋಕಿಯೋಗೆ ದೊರೆಯಲಿಲ್ಲ. ಉರಿಯುವ ಪಟ್ಟಣದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅವುಚಿಕೊಂಡು, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮ ತಂದೆಯಿರುವಲ್ಲಿಗೆ ಹೋಗುವೆವೆಂದು ಸಂತೈಸುತ್ತಾಳೆ. ಮರುದಿನ ಆಸ್ಪತ್ರೆಯ ನೆಲದ ಮೇಲೆ ಗಾಯಾಳುಗಳು ಸಾಲಾಗಿ ಮಲಗಿರುತ್ತಾರೆ. ದೈತ್ಯಚಿತ್ರಗಳಲ್ಲಿ ಈ ಮರುದಿನವನ್ನು ತೋರಿಸುವವರು ವಿರಳ. ಕಡೆಗೆ ವಿಜ್ಞಾನಿ ಸೆರಿಜಾವಾ ತಾನು ಕಂಡುಹಿಡಿದ ಘೋರಾಸ್ತ್ರದಿಂದ ಗೊಜಿರಾನನ್ನು ಕೊಂದು, ಆ ವಿದ್ಯೆಯು ಮತ್ತೊಬ್ಬರ ಕೈಸೇರದಂತೆ ತನ್ನ ಹಗ್ಗವನ್ನೂ ಕತ್ತರಿಸಿಕೊಂಡು ಸಮುದ್ರದಲ್ಲೇ ಉಳಿಯುವನು. ಆಗ ಸತ್ತವನಿಗಾಗಿ ಮರುಗಬೇಕೋ ಮೃಗಕ್ಕಾಗಿಯೋ ಎಂದು ಪ್ರೇಕ್ಷಕನು ತೊಳಲುತ್ತಾನೆ. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿದ ಕನ್ನಡಿಗನಿಗೆ ಈ ತೊಳಲಾಟ ಹೊಸದಲ್ಲ.

ಎರಡನೆಯ ಸ್ಥಾನವನ್ನು ನಾನು ಗೊಜಿರಾನ ಸಂತತಿಗೆ ಕೊಡದೆ, ದಾಯೆಯಿ ಸಂಸ್ಥೆಯವರ ೧೯೬೬ರ 'ದಾಯಿಮಾಜಿನ್' ಚಿತ್ರಕ್ಕೆ ಕೊಡುತ್ತೇನೆ. ಅಭಿಜ್ಞರು ಹಲವರು ಇದನ್ನು ಒಪ್ಪಲಾರರು. ಇದರಲ್ಲಿ ಮೃಗವಿಲ್ಲ, ಬೆಟ್ಟದ ಮೇಲಿನ ಶಿಲಾವಿಗ್ರಹವಿದೆ. ರಾಜ್ಯವನ್ನು ಕಸಿದ ದುಷ್ಟನ ಆಳುಗಳು ವಿಗ್ರಹದ ಹಣೆಗೆ ಉಳಿಯನ್ನು ಬಡಿದಾಗ ನೆತ್ತರು ಒಸರುತ್ತದೆ. ಚಿತ್ರದ ಕಡೆಯ ಭಾಗದಲ್ಲಿ ಮಾತ್ರ ವಿಗ್ರಹವು ಎದ್ದು ನಡೆದು, ಅದೇ ಉಳಿಯಿಂದ ದುಷ್ಟನನ್ನು ಇರಿಯುವುದು. ಅಲ್ಲಿಗೇ ನಿಲ್ಲದೆ ಒಳ್ಳೆಯವರ ಮನೆಗಳನ್ನೂ ಮೆಟ್ಟತೊಡಗುವುದು. ಕನ್ಯೆಯೊಬ್ಬಳ ಕಣ್ಣೀರು ಪಾದದ ಮೇಲೆ ಬಿದ್ದ ಬಳಿಕವೇ ಅದರ ಕೋಪ ಇಳಿಯುತ್ತದೆ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ಅಡಗದ ನರಸಿಂಹನ ಉಗ್ರವನ್ನು ಪ್ರಹ್ಲಾದನು ಶಮನಗೊಳಿಸಿದ ಕಥೆಯನ್ನು ಅರಿತವರಿಗೆ ಇದರ ಮರ್ಮವು ಹೊಳೆಯದಿರದು. ನಮ್ಮನ್ನು ಕಾಯುವ ಶಕ್ತಿಯೂ ಭಯಂಕರವೆಂಬ ಈ ತಿಳಿವಳಿಕೆ ಮುಂದಿನ ಚಿತ್ರಗಳಲ್ಲಿ ಬಹುಮಟ್ಟಿಗೆ ಮಾಯವಾಯಿತು.

ಮೂರನೆಯ ಸ್ಥಾನಕ್ಕೆ ಇಬ್ಬರು ಸ್ಪರ್ಧಿಗಳು. ೧೯೫೬ರ 'ರಾದಾನ್' ಚಿತ್ರದ ಕೊನೆಯಲ್ಲಿ ಎರಡು ದೈತ್ಯಪಕ್ಷಿಗಳಲ್ಲಿ ಒಂದು ಆಸೋ ಅಗ್ನಿಪರ್ವತದ ಉರಿಯಲ್ಲಿ ಬೀಳಲು, ಮತ್ತೊಂದು ಹಾರಿಹೋಗಬಹುದಾಗಿದ್ದರೂ ಹೋಗದೆ ಸಂಗಾತಿಯ ಮೇಲೆಯೇ ಇಳಿದು ಬೇಯುವುದು. ಕ್ರೌಂಚಮಿಥುನದ ಶೋಕವನ್ನು ಶ್ಲೋಕದ ಮೂಲವೆಂದು ನಂಬಿದ ನಾವು ಇದನ್ನು ಲಘುವಾಗಿ ಕಾಣಲಾರೆವು. ೧೯೬೪ರ 'ಮೋತ್ರಾ ಮತ್ತು ಗೊಜಿರಾ' ಚಿತ್ರದಲ್ಲಿ ಆಯುಸ್ಸು ತೀರುತ್ತ ಬಂದ ದೈತ್ಯಪತಂಗವು ವ್ಯಾಪಾರಿಗಳ ವಶವಾದ ತನ್ನ ಮೊಟ್ಟೆಗಾಗಿ ಹೋರಾಡಿ, ಅದರ ಮೇಲೆ ರೆಕ್ಕೆಯನ್ನು ಚಾಚಿ ಸಾಯುತ್ತದೆ. ಮರಿಗಳು ಹುಟ್ಟಿ, ರೇಷ್ಮೆಯೆಳೆಯನ್ನು ಉಗುಳಿ ಗೊಜಿರಾನನ್ನು ಕಟ್ಟಿಹಾಕುತ್ತವೆ. ಮೊಟ್ಟೆಯಿಟ್ಟ ಚಿಟ್ಟೆಗೆ ಕೆಲವೇ ದಿನಗಳ ಬಾಳೆಂಬುದು ರೇಷ್ಮೆ ಸಾಕುವ ನಮ್ಮ ರೈತರಿಗೆ ದಿನದ ಅನುಭವ. ಅವರಿಗೆ ಈ ಕಥೆಯು ಪಂಡಿತರಿಗಿಂತ ಬೇಗ ತಟ್ಟೀತು. ಆದಿಯಿಂದ ಅಂತ್ಯದವರೆಗೆ ಒಂದೇ ಪಾಕದಲ್ಲಿರುವುದರಿಂದ ೧೯೬೪ರ ಚಿತ್ರವೇ ಮೇಲೆಂದು ನನ್ನ ಮತ. 'ರಾದಾನ್' ಉತ್ತಮವಾಗುವುದು ಗಣಿಯೊಳಗಿನ ಮೊದಲ ಭಾಗದಲ್ಲಿ ಮತ್ತು ಕೊನೆಯಲ್ಲಿ. ಮೂವರು ಸಾಹಿತಿಗಳು ಕೂಡಿ ಬರೆದ ಕಥೆಯಿಂದ ಹುಟ್ಟಿದ ೧೯೬೧ರ 'ಮೋತ್ರಾ' ಅದ್ಭುತಪ್ರಧಾನವಾದದ್ದು, ಮನೋಹರವಾದದ್ದು. ಆದರೆ ಅದರಲ್ಲಿ ಊರು ನಾಶವಾದರೂ ಯಾರೂ ಸತ್ತಂತೆ ತೋರುವುದಿಲ್ಲ. ಆದಕಾರಣ ಐದನೆಯ ಸ್ಥಾನ.

೧೯೬೪ರ ಡಿಸೆಂಬರಿನಲ್ಲಿ ಬಂದ 'ಗಿದೊರಾ' ಚಿತ್ರದಿಂದ ಪಥವು ತಿರುಗಿತು. ಮೂರು ತಲೆಯ ಹೊಸ ವೈರಿಯನ್ನು ಎದುರಿಸಲು ಮೋತ್ರಾ ಉಳಿದ ಮೃಗಗಳೊಡನೆ ಸಂಧಾನ ನಡೆಸುವುದು. ಅವುಗಳ ಮಾತನ್ನು ಅವಳಿ ಪುಟ್ಟ ಕನ್ಯೆಯರು ಅನುವಾದಿಸುವರು. ಗೊಜಿರಾ ಅಂದಿನಿಂದ ನಮ್ಮವನಾದನು, ಘಟೋತ್ಕಚನಂತೆ. ಆದರೆ ಘಟೋತ್ಕಚನು ಸಾಯುವಾಗ ಪಾಂಡವರು ಅತ್ತರು. ಈತನಿಗೆ ಸಾವೂ ಇಲ್ಲ, ಅಳುವವರೂ ಇಲ್ಲ. ೧೯೬೫ರಲ್ಲಿ ಆರಂಭವಾದ ದೈತ್ಯಕೂರ್ಮ 'ಗಾಮೆರಾ'ನ ಚಿತ್ರಗಳು ಬೇಗನೆ ಮಕ್ಕಳಿಗೇ ಮೀಸಲಾದುವು. ೧೯೬೮ರ ಸರ್ವಮೃಗಸಮ್ಮೇಳನದ ಚಿತ್ರವಂತೂ ಜಾತ್ರೆ. ಕಾರ್ಖಾನೆಯ ಹೊಲಸಿನಿಂದ ಹುಟ್ಟಿದ ಹೆದೊರಾನನ್ನು ಕುರಿತ ೧೯೭೧ರ ಚಿತ್ರ ಮಾತ್ರ ವಿಷಯಗೌರವದಿಂದ ಮೇಲೇಳುತ್ತದೆ. ಬೀಭತ್ಸದಿಂದ ಭಯಾನಕವೆಂಬ ಸೂತ್ರಕ್ಕೆ ಅದು ನೇರವಾದ ಲಕ್ಷ್ಯ. ಅದನ್ನು ಆರನೆಯದಾಗಿ ಎಣಿಸುತ್ತೇನೆ, ನಡುನಡುವೆ ಬರುವ ಹಾಡುಕುಣಿತಗಳನ್ನು ಸಹಿಸಿಕೊಂಡು.

ಬಯಲಾಟದಲ್ಲಿಯೂ ಇಂತಹ ಇಳಿತವುಂಟಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು, ರಾಕ್ಷಸನನ್ನು ನಗೆಗೀಡಾಗಿಸುವ ಮೇಳಗಳೂ ಇವೆ. ಆದರೆ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಎದುರು ನಿಂತು, ನೀನು ಯಾರು, ಎಲ್ಲಿಂದ ಬಂದೆ, ಬಂದ ಕಾರಣವೇನು ಎಂದು ವಿಚಾರಿಸುವ ಕ್ರಮವೊಂದು ಮೂಡಲಪಾಯದಲ್ಲಿ ಉಳಿದಿದೆ. ಯಾವ ದೈತ್ಯನೂ ಇದಕ್ಕೆ ಉತ್ತರ ಕೊಡದೆ ಯುದ್ಧಕ್ಕೆ ಇಳಿಯುವಂತಿಲ್ಲ. ೧೯೫೪ರ ಚಿತ್ರದಲ್ಲಿ ಈ ಸಾರಥಿಯ ಕೆಲಸವನ್ನು ವೃದ್ಧ ಪ್ರಾಗ್ಜೀವಶಾಸ್ತ್ರಜ್ಞ ಯಮಾನೆ ಮಾಡುತ್ತಾನೆ. ಎಲ್ಲರೂ ಕೊಲ್ಲಬೇಕೆನ್ನುವಾಗ, ಬಾಂಬಿಗೂ ಸಾಯದೆ ಉಳಿದ ಈ ಜೀವವು ಎಂತಹದೆಂದು ತಿಳಿಯಬಯಸುವವನು ಅವನೊಬ್ಬನೇ. ಮೃಗವು ಸತ್ತ ಮೇಲೂ ಅವನಿಗೆ ಸಮಾಧಾನವಿಲ್ಲ: ಸ್ಫೋಟಗಳು ಮುಂದುವರಿದರೆ ಮತ್ತೊಂದು ಗೊಜಿರಾ ಎಲ್ಲಿಯಾದರೂ ತಲೆಯೆತ್ತೀತು ಎಂದುಕೊಳ್ಳುತ್ತಾನೆ. ಅಮೆರಿಕದವರು ೧೯೫೬ರಲ್ಲಿ ತಮ್ಮ ನಟನೊಬ್ಬನನ್ನು ಸೇರಿಸಿ ಈ ಚಿತ್ರವನ್ನು ಮರುಜೋಡಿಸಿದಾಗ, ಇನ್ನು ಜಗತ್ತು ನಿರಾತಂಕವಾಗಿ ಬಾಳಬಹುದೆಂಬರ್ಥದ ಮಾತಿನಿಂದ ಮುಗಿಸಿದರು; ಯಮಾನೆಯ ಮಾತನ್ನು ಕೈಬಿಟ್ಟರು. ತರಗತಿಯಲ್ಲಿ ತೋರಿಸುವ ಅಧ್ಯಾಪಕರು ೧೯೫೪ರ ಮೂಲಪ್ರತಿಯನ್ನೇ ಹುಡುಕಿ ತರಿಸಬೇಕು.